ನಿನ್ನ ಅತ್ತೆ ಹೇಳದೆ ಬಿಟ್ಟ ಸಂವತ್ಸರ

॥ ಶ್ರೀ ಲಕ್ಷ್ಮೀನೃಸಿಂಹಾಯ ನಮಃ ॥

ಸ್ವಸ್ತಿ. ವಿಶ್ವಾವಸು ನಾಮ ಸಂವತ್ಸರದ ಉತ್ತರಾಯಣ, ಶಿಶಿರ ಋತು, ಮಾಘ ಮಾಸ, ಶುಕ್ಲ ಪಕ್ಷ, ರಥಸಪ್ತಮಿ, ಭಾನುವಾಸರ, ರೇವತೀ ನಕ್ಷತ್ರ.
ಜಯನಗರ ನಾಲ್ಕನೆಯ ಟಿ ಬ್ಲಾಕ್, ಬೆಂಗಳೂರು.
25–1–2026

ಚಿರಂಜೀವಿ ಭಾರ್ಗವನಿಗೆ ನಿನ್ನ ಸೋದರಮಾವ ಜಯಸಿಂಹನು ಮನಃಪೂರ್ವಕವಾಗಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಶ್ರೀಹರಿಯ ಕೃಪೆಯಿಂದ ಕ್ಷೇಮವಾಗಿದ್ದೇವೆ. ನಿನ್ನ, ಸೌಭಾಗ್ಯವತಿ ಹಂಸಾಳ ಹಾಗೂ ಚಿರಂಜೀವಿ ಆಶ್ರಿತನ ದೇಹಾರೋಗ್ಯವನ್ನು ತಿಳಿಯಲು ಅಪೇಕ್ಷಿಸುತ್ತೇನೆ. ಮಗುವಿನ ಕೆಮ್ಮು ಇಳಿಯಿತೆ? ಹಾಲಿಗೆ ಅರಿಸಿನದ ಜೊತೆ ಎರಡು ಮೆಣಸಿನ ಕಾಳು ಕುಟ್ಟಿ ಹಾಕಬೇಕೆಂದು ನಿನ್ನ ಅತ್ತೆ ಹಿಂದೆ ಹಂಸಾಳಿಗೆ ಹೇಳಿಕೊಟ್ಟಿದ್ದಳು, ಅವಳು ಮರೆತಿರಲಾರಳು. ನಿಮ್ಮ ಜೆ.ಪಿ. ನಗರಕ್ಕೂ ನಮ್ಮ ಮನೆಗೂ ನಡುವೆ ಇರುವುದು ಮೆಟ್ರೋ ರೈಲಿನ ಬೆರಳೆಣಿಕೆಯ ನಿಲ್ದಾಣಗಳಷ್ಟೆ. ಇಷ್ಟು ಸಮೀಪದಲ್ಲಿರುವವನಿಗೆ ಅಂಚೆಯಲ್ಲಿ ಕಾಗದ ಹಾಕುವ ಮುದುಕನನ್ನು ಕಂಡು ನೀನು ನಗಬಹುದು. ಆದರೆ ದೀಪಾವಳಿಯ ತರುವಾಯ ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ದೂರವಾಣಿಯಲ್ಲಿ ಕೇಳಿದಾಗಲೆಲ್ಲ “ಈ ವಾರ ಆಗಲ್ಲ ಮಾವ, ಮುಂದಿನ ವಾರ ಖಂಡಿತ ಬರ್ತೀನಿ” ಎಂದು ಹೇಳಿ, ನಾನು ಮತ್ತೊಂದು ಮಾತು ಎತ್ತುವ ಮೊದಲೇ ಇಟ್ಟುಬಿಡುತ್ತೀಯೆ. ಕಾಗದವನ್ನು ಹಾಗೆ ನಡುವೆ ಇಡಲಾಗುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಇಂದು ರಥಸಪ್ತಮಿಯಾದ್ದರಿಂದ ಎಕ್ಕದ ಎಲೆಗಳನ್ನು ನೆತ್ತಿಯ ಮೇಲೂ ಭುಜಗಳ ಮೇಲೂ ಇಟ್ಟು ನಿನ್ನ ಅತ್ತೆಗೆ ಸ್ನಾನವಾಯಿತು. ಆರೈಕೆಗೆ ಬರುವ ರೇಖಾ ಅವಳನ್ನು ವರಾಂಡದ ಕುರ್ಚಿಯಲ್ಲಿ ಪೂರ್ವಾಭಿಮುಖವಾಗಿ ಕೂರಿಸಿದಳು. ಸೂರ್ಯೋದಯಕ್ಕೆ ಸರಿಯಾಗಿ ಮೊಬೈಲು ಎಂದಿನಂತೆ ತಾನಾಗಿ ನುಡಿಯಿತು: “ಇಂದು ವಿಶ್ವಾವಸು ನಾಮ ಸಂವತ್ಸರ, ಉತ್ತರಾಯಣ, ಶಿಶಿರ ಋತು, ಮಾಘ ಮಾಸ…” ನಿನ್ನ ಅತ್ತೆಯದೇ ಧ್ವನಿ, ಕಾಯಿಲೆಗೆ ಮುಂಚಿನ, ಎದುರುಮನೆಯವರಿಗೂ ಕೇಳುತ್ತಿದ್ದ ಆ ತುಂಬು ಧ್ವನಿ. ಅದರ ಬೆನ್ನಿಗೇ, ಅರ್ಧ ಉಸಿರಿನಷ್ಟು ಹಿಂದೆ, ಕುರ್ಚಿಯಲ್ಲಿ ಕುಳಿತವಳ ಧ್ವನಿ: ಒಡೆದದ್ದು, ತೊದಲಿದ್ದು, ಆದರೂ ಒಂದು ಅಕ್ಷರವನ್ನೂ ಬಿಡದೆ “ಸಪ್ತಮಿ, ಭಾನುವಾಸರ” ಎಂದದ್ದು. ದಿನದಲ್ಲಿ ಅವಳ ಬಾಯಿಂದ ಹೊರಡುವ ಮಾತು ಅಷ್ಟೆ. ಕಳೆದ ಕ್ರೋಧಿ ಸಂವತ್ಸರದ ಶ್ರಾವಣದಲ್ಲಿ ಪಾರ್ಶ್ವವಾಯು ಬಡಿದಂದಿನಿಂದ ನೀರು ಬೇಕು ಎನ್ನಲಾರಳು, ಬೆನ್ನು ನೋಯುತ್ತಿದೆ ಎನ್ನಲಾರಳು. ನನ್ನ ಹೆಸರನ್ನು ಅವಳು ಎಂದೂ ಹೇಳಿದವಳಲ್ಲ, ಆ ಮಾತು ಬೇರೆ. ಈಗ ತನ್ನ ಹೆಸರನ್ನೂ ಹೇಳಲಾರಳು. ಕಂಠಪಾಠವಾದದ್ದು ಕೆಲವರಿಗೆ ಉಳಿಯುತ್ತದೆ, ಯಾರಾದರೂ ಮುಂದೆ ಹೇಳಿಕೊಟ್ಟರೆ ಹಿಂದೆ ಬರಬಹುದು ಎಂದು ವೈದ್ಯರು ಹೇಳಿದಾಗ ನಾನೇ ಎಷ್ಟೋ ದಿನ ಎದುರಿಗೆ ಕುಳಿತು ಸ್ತೋತ್ರಗಳನ್ನು ಹೇಳಿಕೊಟ್ಟೆ. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಈ ಗಂಟಲಿನ ಹಿಂದೆ ಅವಳು ಬರಲಿಲ್ಲ. ತನ್ನ ಧ್ವನಿಯ ಹಿಂದೆ ತಾನೇ ಹೋದಳು.

ಆ ಧ್ವನಿಯನ್ನು ಹಿಡಿದಿಟ್ಟವನು ನೀನು. ಹದಿಮೂರು ವರ್ಷ ಹಿಂದಿನ ನಂದನ ಸಂವತ್ಸರದ ಆ ಬೇಸಿಗೆ ನಿನಗೆ ನೆನಪಿರಬೇಕು. ಕಾಲೇಜಿನ ದಿನಗಳಿಂದ ನಮ್ಮಲ್ಲೇ ಬೆಳೆದ ನೀನು, ಬಂದಿದ್ದ ಉದ್ಯೋಗವನ್ನು ಬಿಟ್ಟು, ನಮ್ಮ ಮುಂದಿನ ಕೋಣೆಯಲ್ಲಿ ಪಂಚಾಂಗದ ಆಪ್ ಒಂದನ್ನು ಕಟ್ಟಲು ಕುಳಿತೆ. ಪಂಚಾಂಗವನ್ನು ಓದುವುದಕ್ಕಿಂತ ಕೇಳುವುದಕ್ಕೆ ಫಲ ಹೆಚ್ಚು, ಅದಕ್ಕೇ ಅದನ್ನು ಪಂಚಾಂಗ ಶ್ರವಣ ಎನ್ನುತ್ತಾರೆ ಎಂದು ನಾನು ಹೇಳಿದ್ದನ್ನು ಹಿಡಿದುಕೊಂಡು, ಅದರಲ್ಲಿ ‘ಶ್ರವಣ’ ಎಂಬ ಒಂದು ಸೌಕರ್ಯವನ್ನೂ ಸೇರಿಸಿದೆ. ಇಡೀ ವಾಕ್ಯ ಬೇಡ, ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಹೇಳಿದರೆ ಸಾಕು, ಆಯಾ ದಿನಕ್ಕೆ ತಕ್ಕಂತೆ ಯಂತ್ರವೇ ಪೋಣಿಸಿಕೊಳ್ಳುತ್ತದೆ ಎಂದು ಅತ್ತೆಯನ್ನು ಒಪ್ಪಿಸಿದೆ. ಕಿಟಕಿಗೆ ಜಮಖಾನ ಕಟ್ಟಿ, ಫ್ಯಾನು ನಿಲ್ಲಿಸಿ, ದೇವರ ಕೋಣೆಯಲ್ಲಿ ಅವಳನ್ನು ಕೂರಿಸಿ ತಿಥಿ, ವಾರ, ನಕ್ಷತ್ರಗಳನ್ನೆಲ್ಲ ಹೇಳಿಸಿದೆ. ಅಷ್ಟು ಮಾಡಿದರೂ ವಿಶಾಖಾ ನಕ್ಷತ್ರದ ಹಿಂದೆ ನಮ್ಮ ಕುಕ್ಕರಿನ ಸೀಟಿ ಸೇರಿಕೊಂಡಿತು. ಸ್ಥಿರವಾಸರ ಎನ್ನುವಾಗ ಅವಳ ಬಳೆ ಸದ್ದು ಮಾಡಿತು. ತೆಗೆಯಲೇ ಎಂದು ನೀನು ಕೇಳಿದಾಗ “ಇರ್ಲಿ ಬಿಡೋ, ಮನೆ ಅಂದ್ಮೇಲೆ ಸದ್ದಿರಲ್ವಾ” ಎಂದಳು. ಇಂದಿಗೂ ಶನಿವಾರದ ಬೆಳಗಿನಲ್ಲಿ ಆ ಬಳೆಯ ಸದ್ದು ಕೇಳಿದಾಗ ಅವಳು ಈಗ ಬರಿದಾಗಿರುವ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಾಳೆ.

ಅರವತ್ತು ಸಂವತ್ಸರಗಳ ಹೆಸರನ್ನೂ ಹೇಳಿಸಬೇಕೆಂದು ನಿನ್ನ ಹಟ. ಅವಳು ಎಲ್ಲವನ್ನೂ ಹೇಳಿದಳು, ಎರಡನ್ನು ಬಿಟ್ಟಳು. ಕೊನೆಯದಾದ ಕ್ಷಯದ ಮಾತು ಬಿಡು, ಅದು ನಿಮ್ಮ ಕಾಲಕ್ಕೆ. ಇನ್ನೊಂದು ಪರಾಭವ, ಈಗ ಬರುವ ಯುಗಾದಿಗೆ ಹುಟ್ಟುವ ವರ್ಷ. ಬರೆಯುವುದರಿಂದ ದೋಷವಿಲ್ಲವೆಂದು ನಾನು ಬರೆಯುತ್ತಿದ್ದೇನೆ. ಅವಳ ಆಕ್ಷೇಪವಿದ್ದದ್ದು ಬಾಯಿಂದ ಹೇಳುವುದಕ್ಕೆ. ದುರ್ಮುಖಿ, ಕ್ರೋಧಿಗಳನ್ನು ಹೇಳಲಿಲ್ಲವೇ ಎಂದು ನೀನು ವಾದಿಸಿದೆ. “ಮುಖ ಕೆಟ್ಟಿದ್ರೆ ತೊಳ್ಕೋಬಹುದು, ಕೋಪ ಬಂದ್ರೆ ಇಳಿಯತ್ತೆ. ಸೋಲನ್ನ ಮಾತ್ರ ಬಾಯಾರ ಕರೀಬಾರ್ದು ಕಣೋ. ಆ ವರ್ಷ ಬಂದಾಗ ನೋಡ್ಕೊಳ್ಳೋಣ” ಎಂದಳು. “ಅಷ್ಟೊತ್ತಿಗೆ ನನ್ನ ಆಪ್ ಇರತ್ತೋ ಇಲ್ವೋ ಅತ್ತೆ” ಎಂದು ನೀನು ನಕ್ಕೆ. ಅದು ನಿನಗೆ ತಿಳಿದದ್ದು. ನಿನಗೆ ತಿಳಿಯದ್ದೊಂದಿದೆ. ಆ ಸಂಜೆ ಅಡಿಗೆಮನೆಯಲ್ಲಿ ಅವಳು ನನಗೆ ಹೇಳಿದಳು: “ಹುಡುಗ ಕೈಲಿದ್ದ ಕೆಲಸ ಬಿಟ್ಟು ಕೂತಿದಾನೆ. ಅವನ ಮೊದಲನೇ ಕೆಲಸಕ್ಕೆ ದೀಪದ ಮುಂದೆ ಕೂತು ನನ್ನ ಬಾಯಿಂದ ಆ ಮಾತು ಬರಬಾರ್ದು, ಅಲ್ವಾ?” ನಾನು ಶಾಸ್ತ್ರದ ಪ್ರಕಾರ ಸಂವತ್ಸರದ ನಾಮಮಾತ್ರಕ್ಕೆ ಅಶುಭವಿಲ್ಲವೆಂದು ವಿವರಿಸತೊಡಗಿದೆ. ಅವಳು ಒಗ್ಗರಣೆ ಹಾಕಿದಳು. ನನ್ನ ಶಾಸ್ತ್ರ ಆ ಸದ್ದಿನಲ್ಲಿ ಮುಗಿಯಿತು.

ನಿನ್ನ ಕೆಲಸ ಸೋಲಲಿಲ್ಲ. ದೊಡ್ಡ ಸಂಸ್ಥೆಯವರು ಅದನ್ನು ಕೊಂಡುಕೊಂಡು ನಿನ್ನನ್ನೂ ಗೌರವದಿಂದ ಇರಿಸಿಕೊಂಡರು. ಲಕ್ಷಾಂತರ ಜನ ಅದರಲ್ಲಿ ರಾಹುಕಾಲ ನೋಡುತ್ತಾರೆ, ಮುಹೂರ್ತ ನೋಡುತ್ತಾರೆ, ಕಣ್ಣಿನಿಂದ ನೋಡುತ್ತಾರೆ. ಕಿವಿಯಿಂದ ಕೇಳುವವರು ಕೆಲವೇ ಮಂದಿ. ಆ ಕೆಲವರಿಗೆ ಧನುರ್ಮಾಸದಲ್ಲಿ ಪ್ರಕಟಣೆ ಬಂತು: ಯುಗಾದಿಯಿಂದ ಶ್ರವಣ ಇರುವುದಿಲ್ಲ. ಏನಾದರೂ ತೊಂದರೆಯಾದರೆ ಕರೆಮಾಡಿ ಎಂದು ನೀನು ಮೊದಲ ದಿನ ಹಾಕಿದ್ದ ನಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ಇಷ್ಟು ವರ್ಷ ಯಾರೂ ತೆಗೆದಿರಲಿಲ್ಲ. ಆದ್ದರಿಂದ ಆ ಪ್ರಕಟಣೆಗೆ ಉತ್ತರಗಳೆಲ್ಲ ನಮ್ಮ ಮನೆಗೆ ಬಂದವು. ಕತ್ರಿಗುಪ್ಪೆಯಲ್ಲಿ ಗಾಡಿಯ ಮೇಲೆ ಹೂ ಮಾರುವ ಅಣ್ಣಮ್ಮ ಎಂಬಾಕೆ, ಧ್ವನಿಯ ಒಡತಿಯನ್ನು ಯಾರೋ ಸಂಬಳದಾಕೆ ಎಂದು ಭಾವಿಸಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. “ಆಯಮ್ಮನ್ನ ಯಾಕ್ ಸಾಮಿ ಕೆಲ್ಸದಿಂದ ತೆಗೀತೀರಾ? ವಯಸ್ಸಾಯ್ತು ಅಂತಾನಾ? ನಂಗೆ ಓದಕ್ಕೆ ಬರಲ್ಲ. ಆಯಮ್ಮ ಏಕಾದಶಿ ಅಂದ್ರೆ ತುಳಸಿ ಜಾಸ್ತಿ ಎತ್ಕೊಂಬತ್ತೀನಿ, ಅಮಾಸೆ ಅಂದ್ರೆ ಕುಂಬಳಕಾಯಿ. ಬಾಯಿ ಚೆನ್ನಾಗೈತಲ್ಲ, ಇನ್ನೊಂದಷ್ಟು ವರ್ಸ ಇಟ್ಕೊಳಿ.” ಕುಮಾರಸ್ವಾಮಿ ಲೇಔಟಿನ ಸಂಜೀವಯ್ಯನವರು ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರು. ಅವರು ಜಗಳವಾಡಲಿಲ್ಲ. “ಕತ್ತಲೆ ಬೆಳಕು ನಂಗೆ ಒಂದೇ ಸಾರ್. ಆ ತಾಯಿ ‘ಇಂದು’ ಅಂದ್ಮೇಲೇ ನಂಗೆ ಬೆಳಗಾಗೋದು” ಎಂದಷ್ಟೇ ಹೇಳಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಇಟ್ಟರು.

ಸಂಕ್ರಾಂತಿಯ ಮಾರನೆಯ ದಿನ ನಿಮ್ಮ ಕಚೇರಿಯ ಸುರಭಿ ಮನೆಗೆ ಬಂದಿದ್ದಳು. ಒಳ್ಳೆಯ ಹುಡುಗಿ, ಎಳ್ಳು ಬೆಲ್ಲ ತೆಗೆದುಕೊಂಡು ನಿನ್ನ ಅತ್ತೆಯ ಕಾಲಿಗೆ ನಮಸ್ಕರಿಸಿದಳು. ನೀನು ಕಳುಹಿಸಲಿಲ್ಲ, ಆಪಿನಲ್ಲಿದ್ದ ಸಂಖ್ಯೆಯಿಂದ ಮನೆ ಪತ್ತೆಮಾಡಿ ತಾನಾಗಿ ಬಂದೆ ಎಂದಳು. ಅವಳಿಂದ ನನಗೆ ವಿಷಯ ಪೂರ್ತಿ ತಿಳಿಯಿತು. ಹೊಸ ಮೊಬೈಲುಗಳು ಬಂದಾಗಲೆಲ್ಲ ಈ ಹಳೆಯ ಸೌಕರ್ಯ ಕೆಡುತ್ತದೆಂದೂ, ಕೆಲವೇ ಜನರಿಗಾಗಿ ಅದನ್ನು ಪ್ರತಿ ಸಲ ಸರಿಪಡಿಸುವುದು ಮೇಲಿನವರಿಗೆ ಸಮ್ಮತವಿಲ್ಲವೆಂದೂ, ಈ ಯುಗಾದಿಗೆ ಹೇಗೂ ವರ್ಷದ ಹೆಸರಿನ ಧ್ವನಿಯೇ ಇಲ್ಲದಿರುವಾಗ ನಿವೃತ್ತಿಗೊಳಿಸಲು ಇದೇ ಸಮಯವೆಂದು ಕಚೇರಿಯ ಸಭೆಯಲ್ಲಿ ತೀರ್ಮಾನವಾಯಿತೆಂದೂ ಹೇಳಿದಳು. ಆ ಸಭೆಯಲ್ಲಿ ನೀನು ಬಾಯಿ ಬಿಡಲಿಲ್ಲವಂತೆ. ಇದು ತನ್ನ ಮನೆಯವರ ಧ್ವನಿ ಎಂದು ಕೂಡ ಹೇಳಲಿಲ್ಲವಂತೆ. ನಿನ್ನ ಅತ್ತೆಯ ಬಿಡಿ ಪದಗಳನ್ನೆಲ್ಲ ಸುರಭಿ ಒಂದು ಪೆನ್ ಡ್ರೈವಿನಲ್ಲಿ ತುಂಬಿ ತಂದು ನನ್ನ ಕೈಗಿಟ್ಟಳು. ಬಿಡಿಸಿದ ಹೂಗಳ ಪೊಟ್ಟಣ. ದಿನದಿನಕ್ಕೆ ಕಟ್ಟಿಕೊಡುವ ದಾರವಿಲ್ಲ. ಆಮೇಲೆ ಸ್ವರ ತಗ್ಗಿಸಿ ಹೇಳಿದಳು: “ಅಂಕಲ್, ಆಂಟಿ ವಾಯ್ಸ್ ನಮ್ಮತ್ರ ಇಷ್ಟೊಂದಿದೆ. ಆ ಒಂದು ವರ್ಡ್ ಅವರ ವಾಯ್ಸಲ್ಲೇ ಕಂಪ್ಯೂಟರ್ ಹೇಳತ್ತೆ. ಯಾರಿಗೂ ಗೊತ್ತಾಗಲ್ಲ. ಆಂಟೀನೇ ಒಂದ್ಸಲ ಹೇಳಿಬಿಟ್ರೆ ಇನ್ನೂ ಒಳ್ಳೇದು. ಎರಡರಲ್ಲಿ ಒಂದಕ್ಕೆ ನೀವು ಹೂಂ ಅಂದ್ರೆ, ಮೇಲಿನವರ ಹತ್ರ ಮಾತಾಡಿ ಇನ್ನೊಂದು ವರ್ಷ ಉಳಿಸ್ತೀನಿ.”

ಒಂದು ವರ್ಷ. ಈ ವಯಸ್ಸಿನಲ್ಲಿ ಅದು ನಮಗೆ ಅಲ್ಪವಲ್ಲ, ಭಾರ್ಗವ. ಈ ವರ್ಷದ ಸಾಲನ್ನೇ ಮುಂದೆಯೂ ಹಾಕಿ ಕೇಳಿಸಬಾರದೇ ಎಂದು ಯೋಚಿಸಿದೆ. ಆದರೆ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಯಂತ್ರದ ತೊಡಕಿನಿಂದ ಹಿಂದಿನ ದಿನದ ತಿಥಿಯೇ ಮರಳಿ ಬಂದಾಗ ನಡೆದದ್ದು ನೆನಪಾಯಿತು. ಮಾಸ, ಪಕ್ಷದವರೆಗೂ ಜೊತೆಯಲ್ಲಿ ಹೇಳುತ್ತ ಬಂದವಳು, ಧ್ವನಿ ದಶಮಿ ಎಂದೊಡನೆ ತುಟಿ ಮುಚ್ಚಿ ನನ್ನ ಕಡೆಗೆ ಹುಬ್ಬೇರಿಸಿದಳು. ಅಂದು ಏಕಾದಶಿ. ನಿನ್ನೆಯ ದಿನವನ್ನು ಇಂದು ಎಂದು ಹೇಳುವವಳಲ್ಲ ಅವಳು. ವರ್ಷದ ಹೆಸರನ್ನು ನುಂಗಿಕೊಂಡ ಸಾಲಿಗೂ ಜೊತೆಗೂಡುವವಳಲ್ಲ. ಊರಿನ ಹೆಸರಿಲ್ಲದ ವಿಳಾಸವನ್ನು ಯಾರು ತಾನೇ ಓದಿಯಾರು? ಆದಕಾರಣ ಅವಳಿಂದಲೇ ಆ ಒಂದು ಪದವನ್ನು ಹೇಳಿಸಲು ಸಾಧ್ಯವೇ ನೋಡೋಣವೆಂದು ನಿಶ್ಚಯಿಸಿದೆ.

ಮೊನ್ನೆ ವಸಂತ ಪಂಚಮಿ, ವಾಗ್ದೇವಿಯ ದಿನ. ಪೂಜೆ ಮುಗಿಸಿ, ಅವಳ ಹಣೆಗೆ ಕುಂಕುಮವಿಟ್ಟು, ಮೊಬೈಲನ್ನು ಸುರಭಿ ತೋರಿಸಿಕೊಟ್ಟಂತೆ ಧ್ವನಿ ಹಿಡಿಯಲು ಸಿದ್ಧಪಡಿಸಿ ಎದುರಿಗೆ ಕುಳಿತೆ. ನನ್ನ ಹಿಂದೆ ಬಾರದವಳು ಅಂದಾದರೂ ಬಂದಾಳೆಂಬ ಆಸೆ. ಸಂವತ್ಸರಗಳ ಹೆಸರನ್ನು ಅನುಕ್ರಮವಾಗಿ ಹೇಳುತ್ತ ಬಂದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಶೋಭಕೃತು, ಕ್ರೋಧಿ, ವಿಶ್ವಾವಸು ಎಂದೆ; ಅವಳ ಗಂಟಲಿನಲ್ಲಿ ಏನೋ ಅಲುಗಿತು. ಮುಂದಿನದನ್ನು ಅರ್ಧ ಹೇಳಿದ್ದೆನೋ ಇಲ್ಲವೋ, ಅವಳ ಎಡಗೈ ಮೇಲೆದ್ದು ಬಂತು. ತುತ್ತನ್ನು ಸರಿಯಾಗಿ ಬಾಯಿಗೆ ಒಯ್ಯಲಾರದ ಆ ಕೈ ಎಲ್ಲಿಯೂ ತಡವರಿಸದೆ ಬಂದು ನನ್ನ ಬಾಯಿಯನ್ನು ಮುಚ್ಚಿತು. ಗಟ್ಟಿಯಾಗಿ ಮುಚ್ಚಿತು. ಬೆರಳುಗಳಲ್ಲಿ ಕುಂಕುಮದ, ಸಾಬೂನಿನ ವಾಸನೆ. ಕಣ್ಣಿನಲ್ಲಿ ಕೋಪವಿರಲಿಲ್ಲ, ಎಡವುವ ಮಗುವನ್ನು ಹಿಡಿಯುವಾಗಿನ ಗಾಬರಿಯಿತ್ತು. ಆಮೇಲೆ ಗೋಡೆಯ ಕಡೆಗೆ ನೋಡಿದಳು. ಅಲ್ಲಿ ನಿನ್ನ ಘಟಿಕೋತ್ಸವದ ಚಿತ್ರವಿದೆ.

ಅವಳ ಮಾತೆಲ್ಲ ಹೋಗಿ, ಈ ಒಂದು ಮಾತನ್ನು ಹೇಳೆನೆಂಬ ನಿಶ್ಚಯ ಮಾತ್ರ ಹೋಗದೆ ಉಳಿದಿದೆ. ಅದು ನಿನಗಾಗಿ ಇಟ್ಟುಕೊಂಡದ್ದು. ಅಂಥ ಪದವನ್ನು ಅವಳ ಧ್ವನಿಯಲ್ಲೇ ಯಂತ್ರ ನುಡಿದು, ಯುಗಾದಿಯ ಸೂರ್ಯೋದಯಕ್ಕೆ ಅವಳ ಕಿವಿಗೇ ಬಿದ್ದರೆ ಏನಾದೀತು? ಕೈಯೆತ್ತಿ ಯಾರ ಬಾಯಿ ಮುಚ್ಚಿಯಾಳು? ಸುರಭಿಗೆ ಕರೆಮಾಡಿ ಬೇಡವಮ್ಮ ಎಂದೆ. ಯಾರಿಗೂ ಗೊತ್ತಾಗಲ್ಲ ಅಂಕಲ್ ಎಂದು ಅವಳು ಮತ್ತೊಮ್ಮೆ ಹೇಳಿದಳು. “ಇವಳಿಗೆ ಗೊತ್ತಾಗತ್ತಮ್ಮ” ಎಂದೆ.

ಆದ್ದರಿಂದ, ಮಗೂ, ಇದನ್ನು ಸ್ಪಷ್ಟವಾಗಿ ತಿಳಿದುಕೋ. ಶ್ರವಣವನ್ನು ನಿಲ್ಲಿಸಿದವನು ನೀನಲ್ಲ. ಉಳಿಸಿಕೊಳ್ಳಲು ದಾರಿಯೊಂದು ಬಾಗಿಲ ತನಕ ಬಂದಿತ್ತು, ಬೇಡವೆಂದು ಕಳುಹಿಸಿದವನು ನಾನು. ನನ್ನ ಕೈಲಿ ಬೇಡವೆನ್ನಿಸಿದವಳು ನಿನ್ನ ಅತ್ತೆ. ನೀನು ಸಭೆಯಲ್ಲಿ ಮೌನವಾಗಿದ್ದದ್ದನ್ನು ನಾನು ತಪ್ಪೆಂದು ಎಣಿಸಿಲ್ಲ. ಮನೆಯ ಸಂಕಟವನ್ನು ಸಭೆಯಲ್ಲಿ ಮುಂದಿಟ್ಟು ವಿನಾಯಿತಿ ಕೇಳಬಾರದೆಂಬ ಮರ್ಯಾದೆ ಈ ಮನೆಯಲ್ಲಿ ಕಲಿತದ್ದೇ. ಆದರೆ ಆ ಮೌನವನ್ನು ನಮ್ಮ ಮನೆಯ ಬಾಗಿಲಿನವರೆಗೂ ಹೊತ್ತು ತಂದು, ಒಳಗೆ ಬರಲಾರದೆ ಹಿಂದಿರುಗಬೇಡ. ಹೋದ ತಿಂಗಳು ಒಂದು ಸಂಜೆ ನಿನ್ನ ಸ್ಕೂಟರು ನಮ್ಮ ಬೀದಿಯ ತಿರುವಿನವರೆಗೆ ಬಂದು ನಿಂತು ತಿರುಗಿ ಹೋದದ್ದನ್ನು ರೇಖಾ ನೋಡಿದ್ದಾಳೆ. ನಾನು ಅವಳಿಗೆ ಯಾರೋ ಇರಬೇಕು ಎಂದೆ.

ನಿನ್ನಿಂದ ಒಂದು ಉಪಕಾರವಾಗಬೇಕು. ಕೊನೆಯ ಪ್ರಕಟಣೆಯಲ್ಲಿ ನಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ತೆಗೆಯದಿರಲು ಹೇಳು. ಸಂಜೀವಯ್ಯನವರಿಗೆ ಇನ್ನು ಮುಂದೆ ಬೆಳಿಗ್ಗೆ ನಾನೇ ಕರೆಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಣ್ಣಮ್ಮ ತನಗೆ ಮುದುಕರ ಧ್ವನಿ ಒಗ್ಗುವುದಿಲ್ಲವೆಂದು ಮೊದಲು ಮುನಿಸಿಕೊಂಡು, ಆಮೇಲೆ ಏಕಾದಶಿಗೆ ಮುಂಚಿನ ದಿನವಾದರೂ ಹೇಳಿ ಎಂದು ಒಪ್ಪಿಕೊಂಡಳು. ಇನ್ನಾರಾದರೂ ಕೇಳಿದರೆ ಅವರಿಗೂ ಹೇಳುವೆ. ವರ್ಷದ ಹೆಸರನ್ನು ಮಾತ್ರ ಗೇಟಿನ ಆಚೆ ನಿಂತು, ಅವಳಿಗೆ ಕೇಳಿಸದಂತೆ ಹೇಳಿ ಒಳಗೆ ಬರುತ್ತೇನೆ.

ಹಂಸಾಳಿಗೂ ಆಶ್ರಿತನಿಗೂ ನಮ್ಮಿಬ್ಬರ ಆಶೀರ್ವಾದಗಳನ್ನು ತಿಳಿಸು. ಆಯುರಾರೋಗ್ಯ ಐಶ್ವರ್ಯಾದಿಗಳು ನಿಮಗೆ ಅಭಿವೃದ್ಧಿಯಾಗಲಿ. ಕೈಗೊಂಡ ಕಾರ್ಯಗಳಲ್ಲಿ ಶ್ರೀ ನೃಸಿಂಹನು ಮುಂದೆ ನಿಂತು ನಡೆಸಲಿ.

ಇತಿ ನಿನ್ನ ಹಿತವನ್ನು ಸದಾ ಬಯಸುವ ಮಾವ,
ಜಯಸಿಂಹ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ರೇಖಾ ಮನೆಗೆ ಹೊರಟಿದ್ದಾಳೆ, ಹಾದಿಯಲ್ಲಿ ಅಂಚೆಡಬ್ಬಕ್ಕೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾಳೆ, ಆದ್ದರಿಂದ ಬೇಗ ಬೇಗ ಬರೆಯುತ್ತೇನೆ. ಶ್ರವಣ ನಿಲ್ಲುತ್ತದೆಂಬುದನ್ನು ನಿನ್ನ ಅತ್ತೆಗೆ ನಾನು ಇನ್ನೂ ಹೇಳಿಲ್ಲ. ಮೂರು ಸಲ ಹೊರಟೆ, ಮೂರು ಸಲವೂ ಹವಾಮಾನದ ಮಾತಾಡಿ ಎದ್ದು ಬಂದೆ. ಯುಗಾದಿಯ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು, ಹೊಸ ಸೀರೆಯುಟ್ಟು, ವರಾಂಡದಲ್ಲಿ ಬಾಯಿ ಸ್ವಲ್ಪ ತೆರೆದು ಕಾಯುತ್ತ ಕೂರುತ್ತಾಳೆ. ಮೊಬೈಲು ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ನಾನೊಬ್ಬನೇ ಅವಳ ಎದುರಿಗಿರಲಾರೆ. ಹಿಂದಿನ ದಿನವೇ ಬಾ. ನೀನು ಏನನ್ನೂ ವಿವರಿಸಬೇಕಾಗಿಲ್ಲ. ಮುಂಚೆ ಗೇಟಿನಿಂದಲೇ ಕೂಗುತ್ತಿದ್ದೆಯಲ್ಲ, “ಅತ್ತೆ, ಬಂದೆ” ಎಂದು, ಅಷ್ಟು ಹೇಳು. ಸುರಭಿಗೆ, ನಿನ್ನ ಮೇಲಿನವರಿಗೆ, ಕತ್ರಿಗುಪ್ಪೆಯ ಅಣ್ಣಮ್ಮನಿಗೆ, ಕಣ್ಣಿಲ್ಲದ ಸಂಜೀವಯ್ಯನವರಿಗೆ, ಆ ಧ್ವನಿಯನ್ನು ಕೇಳಿದವರಿಗೂ ಕೇಳದವರಿಗೂ ಒಳ್ಳೆ ಬೆಳಗಾಗಲಿ. ಬರುವ ವರ್ಷಕ್ಕೆ ಯಾವ ಹೆಸರೇ ಇರಲಿ, ಆ ಹೆಸರು ನಿಮ್ಮಲ್ಲಿ ಯಾರನ್ನೂ ಮುಟ್ಟದಿರಲಿ.